ಪಾಡ್‌ಕಾಸ್ಟ್ ಪಠ್ಯ | ಒಂದೇ ಇಂಜಿನ್, ಹೆಚ್ಚುಕಮ್ಮಿ ಒಂದೇ ಉದ್ದ: ಸೆಡಾನ್ ತಗೊಳ್ಳೋದಾ, ವ್ಯಾಗನ್ ತಗೊಳ್ಳೋದಾ?

ಈ ವಾರದ ಪ್ರಶ್ನೆ ಬಂದಿರೋದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಿಂದ. ಕಳಿಸಿದವರು ದಿನಾ ಬೆಳಗ್ಗೆ ಟ್ರೈನ್ ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ವಾಪಸ್ ಬರೋ ಹುಡುಗ. ಅಪ್ಪ ಗಣಿಯಲ್ಲಿ ದುಡಿದವರು. ಈಗ ಉಸಿರಾಟದ ತೊಂದರೆ, ತಿಂಗಳಿಗೆ ಎರಡು ಸಲ ಬೆಂಗಳೂರಿನ ಆಸ್ಪತ್ರೆಗೆ ಕರ್ಕೊಂಡು ಹೋಗಬೇಕು. ವಾಯ್ಸ್ ಮೆಸೇಜ್‌ನಲ್ಲಿ ಹೇಳಿದ್ದು ಇಷ್ಟು: “ಅಣ್ಣಾ, ನಂಗೆ ಸೆಡಾನ್ ಅಂದ್ರೆ ಪ್ರಾಣ. ಅಮ್ಮ ಹೇಳ್ತಾರೆ, ಅಪ್ಪಂಗೆ ಬಗ್ಗಿ ಹತ್ತಕ್ಕೆ ಆಗಲ್ಲ, ಎತ್ತರದ ಗಾಡಿ ತಗೋ ಅಂತ. ಎಕ್ಸ್‌ಶೋರೂಮ್ ಹದಿನೈದು ಲಕ್ಷದೊಳಗೆ, ಲೋನ್ ಮೇಲೆ. ಯಾವುದು ತಗೊಳ್ಳಲಿ?”

ಸೆಡಾನಾ, ವ್ಯಾಗನಾ ಅನ್ನೋ ಹಳೇ ಪ್ರಶ್ನೆ ಇದೇ. ನಮ್ಮಲ್ಲಿ ವ್ಯಾಗನ್ ಅನ್ನೋ ಹೆಸರು ಮಾತ್ರ ಕಳೆದುಹೋಗಿದೆ. ಬಂಗಾರಪೇಟೆ ಜಂಕ್ಷನ್‌ನಲ್ಲಿ ನಿಂತು ‘ವ್ಯಾಗನ್’ ಅಂದ್ರೆ ಒಂದೋ ಗೂಡ್ಸ್ ರೈಲಿನ ಡಬ್ಬಿ ತೋರಿಸ್ತಾರೆ, ಇಲ್ಲಾ ಮಾರುತಿ ವ್ಯಾಗನ್ ಆರ್. ತಮಾಷೆ ಏನಂದ್ರೆ, ‘ಸ್ಟೇಷನ್ ವ್ಯಾಗನ್’ ಅನ್ನೋ ಹೆಸರು ಹುಟ್ಟಿದ್ದೇ ರೈಲ್ವೆ ಸ್ಟೇಷನ್‌ನಿಂದ. ಅಮೆರಿಕದಲ್ಲಿ ರೈಲಿಂದ ಇಳಿದವರನ್ನ ಅವರ ಪೆಟ್ಟಿಗೆ ಸಮೇತ ಮನೆಗೋ ಹೋಟೆಲಿಗೋ ತಲುಪಿಸ್ತಿದ್ದ ಗಾಡಿಗೆ ಇಟ್ಟ ಹೆಸರು ಅದು.

ಹಾಗಾದ್ರೆ ವ್ಯತ್ಯಾಸ ಏನು? ಹಿಂದಿನ ಸೀಟಿನವರೆಗೆ ಏನೂ ಇಲ್ಲ. ಅದೇ ಇಂಜಿನ್, ಅದೇ ಡ್ಯಾಶ್‌ಬೋರ್ಡ್, ಅದೇ ಬಾಗಿಲು. ಸೆಡಾನ್‌ನಲ್ಲಿ ಛಾವಣಿ ಹಿಂದಿನ ಸೀಟಿನ ಹತ್ತಿರ ಇಳಿದು ಡಿಕ್ಕಿ ಬೇರೆ ಪೆಟ್ಟಿಗೆ ಆಗುತ್ತೆ. ವ್ಯಾಗನ್‌ನಲ್ಲಿ ಛಾವಣಿ ಕೊನೆಯವರೆಗೂ ಹೋಗಿ, ಹಿಂದೆ ಮೇಲಕ್ಕೆ ತೆರೆಯೋ ದೊಡ್ಡ ಬಾಗಿಲು ಬರುತ್ತೆ.

ನಮ್ಮ ದೇಶದಲ್ಲಿ ವ್ಯಾಗನ್ ಬಂದೇ ಇಲ್ಲ ಅಂತಲ್ಲ. 1992ರಲ್ಲಿ ಟಾಟಾ ಎಸ್ಟೇಟ್ ಬಂತು, ಪಿಕಪ್ ಗಾಡಿಯ ಅಡಿಪಾಯದ ಮೇಲೆ ಕಟ್ಟಿದ್ದು. ಬೆಂಗಳೂರಿನ ಸಿಪಾನಿ ಕಂಪನಿ ತೊಂಬತ್ತರ ದಶಕದಲ್ಲಿ ಬ್ರಿಟನ್‌ನ ರೋವರ್ ಮಾಂಟೆಗೋ ಜೋಡಿಸಿ ಮಾರೋಕೆ ನೋಡಿತು. ಆಮೇಲೆ ಮಾರುತಿ ಬಲೆನೋ ಆಲ್ಟೂರಾ, ಓಪೆಲ್ ಕೋರ್ಸಾ ಸ್ವಿಂಗ್, 2004ರಲ್ಲಿ ಟಾಟಾ ಇಂಡಿಗೋ ಮರೀನಾ, ಸ್ಕೋಡಾ ಆಕ್ಟೇವಿಯಾ ಕಾಂಬಿ. ಒಂದೂ ನಿಲ್ಲಲಿಲ್ಲ. ಜನ ನೋಡಿ ಹೇಳಿದ್ದು ಒಂದೇ ಮಾತು, “ಆಂಬುಲೆನ್ಸ್ ಥರ ಇದೆ.” ಅಂಬಾಸಡರ್ ಕಾಲದಿಂದ ನಮಗೆ ಡಿಕ್ಕಿ ಇದ್ದರೇ ಕಾರು. ಮುಂದೆ ಮೂಗು, ನಡುವೆ ಮನೆ, ಹಿಂದೆ ಡಿಕ್ಕಿ. ಹುಡುಗಿ ನೋಡೋಕೆ ಹೋಗುವಾಗ ಬೀದಿಯಲ್ಲಿ ನಿಲ್ಲಬೇಕಾದ್ದು ಅದೇ ಆಕಾರ.

ಇನ್ನೊಂದು ಪೆಟ್ಟು ತೆರಿಗೆಯದು. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರ್‌ಗಿಂತ ಚಿಕ್ಕ, ಇಂಜಿನ್ ಕೂಡ ಚಿಕ್ಕದಾಗಿರೋ ಕಾರುಗಳಿಗೆ ಎಕ್ಸೈಸ್ ಸುಂಕ 24%ನಿಂದ 16%ಗೆ ಇಳೀತು. ಕಂಪನಿಗಳು ಕತ್ತರಿ ಹಿಡಿದು ಬಾಲ ಕತ್ತರಿಸಿದವು. 2008ರ ಇಂಡಿಗೋ ಸಿಎಸ್ ಆ ಕತ್ತರಿಯ ಮೊದಲ ಮಗು. ಉದ್ದ ಬಾಲವೇ ಬಂಡವಾಳ ಆಗಿರೋ ವ್ಯಾಗನ್‌ಗೆ ಅಲ್ಲಿ ಜಾಗ ಎಲ್ಲಿ? ಇವತ್ತಿಗೂ ಗೆರೆ ಅದೇ. 2025ರ ಸೆಪ್ಟೆಂಬರ್ 22ರಿಂದ ಚಿಕ್ಕ ಕಾರಿಗೆ ಜಿಎಸ್‌ಟಿ 18%, ನಾಲ್ಕು ಮೀಟರ್ ದಾಟಿದ್ದಕ್ಕೆ 40%. ನಾವು ಈಗ ಮಾತಾಡೋ ಕಾರುಗಳೆಲ್ಲ ನಾಲ್ಕೂವರೆ ಮೀಟರ್‌ನವು, ಅಂದ್ರೆ 40%ನವು.

ಸರಿ, ಇವತ್ತಿನ ಅಂಗಡಿಗೆ ಬರೋಣ. ಒಂದೇ ಇಂಜಿನ್ ಇರೋ ಒಂದು ಸೆಡಾನ್, ಒಂದು ವ್ಯಾಗನ್ ಅಕ್ಕಪಕ್ಕ ಇಟ್ಟು ನೋಡೋ ಅವಕಾಶ ನಮಗೆ ಇದೆ. ಹ್ಯುಂಡೈ ವರ್ನಾ ಮತ್ತು ಕಿಯಾ ಕ್ಯಾರೆನ್ಸ್ ಕ್ಲಾವಿಸ್. ಎರಡೂ ಒಂದೇ ಗುಂಪಿನ ಕಂಪನಿಗಳು. ವರ್ನಾ ಉದ್ದ 4,535 ಮಿ.ಮೀ., ಕ್ಲಾವಿಸ್ 4,550. ಒಂದು ಬೆರಳಿನ ಅಗಲ ಜಾಸ್ತಿ, ಅಷ್ಟೇ. ಎರಡರಲ್ಲೂ ಅದೇ 1.5 ಲೀಟರ್ ಪೆಟ್ರೋಲ್ ಇಂಜಿನ್‌ಗಳು: ಸಾದಾ ಇಂಜಿನ್ 115 ಪಿಎಸ್, 144 ಎನ್‌ಎಂ, ಟರ್ಬೋ 160 ಪಿಎಸ್, 253 ಎನ್‌ಎಂ. ಕಿಯಾ ಇದನ್ನ ವ್ಯಾಗನ್ ಅಂತ ಕರೆಯಲ್ಲ, ಕರೆದ್ರೆ ಮಾರಾಟ ಆಗಲ್ಲ. ಆದ್ರೆ ಮೂರನೇ ಸಾಲು ಮಡಚಿಬಿಡಿ, ನಿಮ್ಮ ಮುಂದೆ ನಿಂತಿರೋದು ಸ್ವಲ್ಪ ಎತ್ತರದ ವ್ಯಾಗನ್ನೇ. ಅಂದಹಾಗೆ, ಕಿಯಾ ಕಾರ್ಖಾನೆ ಆಂಧ್ರದ ಪೆನುಕೊಂಡದಲ್ಲಿ, ಹ್ಯುಂಡೈಯದು ಶ್ರೀಪೆರಂಬುದೂರಿನ ಹತ್ತಿರ. ಕೆಜಿಎಫ್‌ನವರಿಗೆ ಎರಡೂ ಪಕ್ಕದ ಮನೆ ಇದ್ದ ಹಾಗೆ.

ಮೊದಲು ಪವರ್. ಈ ಪದ ಕೆಜಿಎಫ್‌ಗೆ ಹೊಸದಲ್ಲ. ಶಿವನಸಮುದ್ರದಿಂದ ಗಣಿಗೆ ಕರೆಂಟ್ ಬಂದಿದ್ದು 1902ರಲ್ಲಿ, ಬೆಂಗಳೂರಿಗಿಂತ ಮೂರು ವರ್ಷ ಮೊದಲು. ಕಾರಿನ ವಿಷಯದಲ್ಲಿ ಶೋರೂಮ್‌ನವರು ಪಿಎಸ್ ಹೇಳ್ತಾರೆ, ನಾವು ಕೇಳಬೇಕಾದ್ದು ಟಾರ್ಕ್, ಅದೂ ಎಷ್ಟು ಆರ್‌ಪಿಎಂನಲ್ಲಿ ಸಿಗುತ್ತೆ ಅಂತ. ಗಣಿಯ ಶಾಫ್ಟ್‌ನಲ್ಲಿ ಜನ ತುಂಬಿದ ಕೇಜ್ ಮೇಲಕ್ಕೆ ಎಳೆಯೋ ವೈಂಡಿಂಗ್ ಇಂಜಿನ್ ನೆನಪಿಸಿಕೊಳ್ಳಿ. ನಿಂತ ಜಾಗದಿಂದ ಭಾರ ಎತ್ತೋ ಎಳೆತ ಮೊದಲು ಬೇಕು, ವೇಗ ಆಮೇಲೆ. ಆ ಎಳೆತವೇ ಟಾರ್ಕ್. 

ಹೋಂಡಾ ಸಿಟಿಯ 1.5 ಇಂಜಿನ್ 121 ಪಿಎಸ್ ಕೊಡುತ್ತೆ. ಫೋಕ್ಸ್‌ವ್ಯಾಗನ್ ವರ್ಟಸ್, ಸ್ಕೋಡಾ ಸ್ಲಾವಿಯಾದ ಪುಟ್ಟ 1.0 ಟರ್ಬೋ 115 ಪಿಎಸ್. ಕಾಗದದ ಮೇಲೆ ಸಿಟಿ ಗೆಲ್ಲುತ್ತೆ. ಆದ್ರೆ ಸಿಟಿಯ 145 ಎನ್‌ಎಂ ಪೂರ್ತಿ ಸಿಗೋದು 4,300 ಆರ್‌ಪಿಎಂನಲ್ಲಿ. ಆ ಪುಟ್ಟ ಟರ್ಬೋ 178 ಎನ್‌ಎಂ ಅನ್ನ 1,750ಕ್ಕೇ ಕೊಟ್ಟುಬಿಡುತ್ತೆ. ಐದು ಜನ ಕೂತು, ಎಸಿ ಹಾಕಿ, ಏರಿನಲ್ಲಿ ಲಾರಿ ಓವರ್‌ಟೇಕ್ ಮಾಡುವಾಗ ಸಿಟಿಯಲ್ಲಿ ಗೇರ್ ಇಳಿಸಿ ಇಂಜಿನ್ ಕೂಗಿಸಬೇಕು, ಟರ್ಬೋದಲ್ಲಿ ಕಾಲು ಒತ್ತಿದ್ರೆ ಸಾಕು. ಹಾಗಂತ ಸಿಟಿ ಕೆಟ್ಟದ್ದು ಅಂತಲ್ಲ. ಅದರ ಇಂಜಿನ್ ನಯ ಅಂದ್ರೆ ನಯ, ಒಬ್ಬರೇ ಓಡಿಸೋರಿಗೆ ಸುಖ.

ಈ ಲೆಕ್ಕ ಕೆಜಿಎಫ್‌ನವರಿಗೆ ಈಗ ಯಾಕೆ ಮುಖ್ಯ ಅಂದ್ರೆ, ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು 71 ಕಿ.ಮೀ. 2024ರ ಕೊನೆಗೆ ಓಡಾಟಕ್ಕೆ ಸಿಕ್ಕಿದೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿದ ಮೇಲೆ ಊರಿನ ಅರ್ಧ ಸಂಬಳ ಬೆಂಗಳೂರಿನಿಂದ ಬರ್ತಿದೆ ಅಂದ್ರೆ ತಪ್ಪಾಗಲ್ಲ. ರೈಲಿಗೆ ನೇತಾಡ್ತಿದ್ದವರು ಈಗ ಕಾರಿನ ಕನಸು ಕಾಣ್ತಿರೋದು ಈ ರಸ್ತೆ ನೋಡಿ.

ವೇಗದ ರಸ್ತೆಯಲ್ಲಿ ಆಕಾರ ತನ್ನ ಬಿಲ್ ಕೇಳುತ್ತೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. 80ರಲ್ಲಿ ಹೋಗೋ ಬದಲು 100ರಲ್ಲಿ ಹೋದ್ರೆ ಗಾಳಿ ತಳ್ಳೋದು ಒಂದೂವರೆ ಪಟ್ಟಿಗಿಂತ ಜಾಸ್ತಿ. ವರ್ನಾ ಎತ್ತರ 1,475 ಮಿ.ಮೀ., ಕ್ಲಾವಿಸ್ 1,700ರ ಮೇಲೆ. ಭಾರವೂ ಜಾಸ್ತಿ. ಅದೇ 160 ಪಿಎಸ್ ಇಂಜಿನ್‌ಗೆ ವರ್ನಾದಲ್ಲಿ ಕಂಪನಿ ಹೇಳೋ ಮೈಲೇಜ್ ಲೀಟರ್‌ಗೆ 20 ಕಿ.ಮೀ., ಕ್ಲಾವಿಸ್‌ನಲ್ಲಿ 16ರ ಆಸುಪಾಸು. ಕೆಜಿಎಫ್‌ನಿಂದ ಬೆಂಗಳೂರಿಗೆ ಹೋಗಿ ಬರೋದು ಸುಮಾರು 200 ಕಿ.ಮೀ. ಅಂತ ಇಟ್ಕೊಳ್ಳಿ. ಒಂದು ಟ್ರಿಪ್‌ಗೆ ಎರಡು, ಎರಡೂವರೆ ಲೀಟರ್ ವ್ಯತ್ಯಾಸ. ದಿನಾ ಹೋಗೋರಿಗೆ ಅದು ದೊಡ್ಡ ದುಡ್ಡು. ನಮ್ಮ ಕೇಳುಗರ ಥರ ತಿಂಗಳಿಗೆ ಎರಡು ಸಲ, ಉಳಿದ ದಿನ ರೈಲು ಅನ್ನೋರಿಗೆ ಐನೂರು ರೂಪಾಯಿ ಆಚೆ ಈಚೆ.

ಈಗ ಡಿಕ್ಕಿ. ಇಲ್ಲಿ ಲೀಟರ್ ಲೆಕ್ಕ ನಂಬಿ ಮೋಸ ಹೋಗಬೇಡಿ. ವರ್ನಾ 528 ಲೀಟರ್, ವರ್ಟಸ್ 521. ಕ್ಯಾರೆನ್ಸ್ ಮೂರೂ ಸಾಲು ಎತ್ತಿದಾಗ ಬರೀ 216. ನೋಡಿದ್ರೆ ಸೆಡಾನೇ ದೊಡ್ಡದು! ಆದ್ರೆ ಸೆಡಾನ್‌ನ ಹೊಟ್ಟೆ ದೊಡ್ಡದು, ಬಾಯಿ ಚಿಕ್ಕದು. ಸೂಟ್‌ಕೇಸ್, ಅಕ್ಕಿ ಮೂಟೆ ಸಲೀಸಾಗಿ ಹೋಗುತ್ತೆ. 85 ಸೆಂ.ಮೀ. ಎತ್ತರದ ವಾಷಿಂಗ್ ಮೆಷಿನ್, ಚರ್ಚ್ ಕಾಯರ್‌ನ ಕೀಬೋರ್ಡ್, ಮಡಚಿದರೂ ದಪ್ಪ ಇರೋ ವೀಲ್‌ಚೇರ್ ಅಂತ ಬಂದಾಗ ಬಾಯಿ ಸಾಲಲ್ಲ. ವ್ಯಾಗನ್ ಆಕಾರದಲ್ಲಿ ಮೂರನೇ ಸಾಲು ಮಡಚಿ ಹಿಂದಿನ ಬಾಗಿಲು ಎತ್ತಿದ್ರೆ ನೆಲದಿಂದ ಛಾವಣಿವರೆಗೂ ಖಾಲಿ. ಇದಕ್ಕೊಂದು ಬೆಲೆ ಇದೆ: ಏಳು ಜನ ಕೂತರೆ ಲಗೇಜ್‌ಗೆ ಜಾಗ ಇಲ್ಲ. ಏಳು ಜನ ಪ್ಲಸ್ ತಿರುಪತಿ ಬ್ಯಾಗು ಅಂದ್ರೆ ಛಾವಣಿ ಮೇಲೆ ಕ್ಯಾರಿಯರ್ರೇ ಗತಿ.

ಸ್ಟೈಲಿಂಗ್ ಬಗ್ಗೆ ಜಗಳ ಬೇಡ, ಸೆಡಾನ್ ಚೆಂದ. ವರ್ಟಸ್ ಪಕ್ಕದಲ್ಲಿ ನಿಂತ್ರೆ ಯಾವ ಏಳು ಸೀಟಿನ ಗಾಡಿಯೂ ಟಿಫನ್ ಕ್ಯಾರಿಯರ್ ಥರ ಕಾಣುತ್ತೆ. ಆದ್ರೆ ಚೆಂದದ ಬೆಲೆಯನ್ನ ಹಿಂದೆ ಕೂತೋರು ಕೊಡ್ತಾರೆ. ವರ್ನಾದ ಛಾವಣಿ ಕೂಪೆ ಥರ ಹಿಂದಕ್ಕೆ ಜಾರುತ್ತಲ್ಲ, ಎತ್ತರದವರು ಹಿಂದೆ ಹತ್ತುವಾಗ ತಲೆ ತಗ್ಗಿಸಬೇಕು, ಇಳಿಯುವಾಗ ಮೊಣಕಾಲಿನ ಮೇಲೆ ಭಾರ ಹಾಕಿ ಏಳಬೇಕು. ಉಸಿರಿನ ತೊಂದರೆ ಇರೋರಿಗೆ ಬಗ್ಗೋದೇ ಕಷ್ಟ. ಎತ್ತರದ ಗಾಡಿಯಲ್ಲಿ ಸೀಟು ಸೊಂಟದ ಮಟ್ಟದಲ್ಲಿರುತ್ತೆ, ಕುರ್ಚಿ ಮೇಲೆ ಕೂತ ಹಾಗೆ ಕೂರಬಹುದು. ಈ ವಿಷಯದಲ್ಲಿ ಅಮ್ಮ ಹೇಳಿದ್ದೇ ಸರಿ. ಗ್ರೌಂಡ್ ಕ್ಲಿಯರೆನ್ಸ್ ಕೂಡ ಹಾಗೇ. ವರ್ಟಸ್, ಸ್ಲಾವಿಯಾ 179 ಮಿ.ಮೀ., ಕ್ಯಾರೆನ್ಸ್ 195. ಎಕ್ಸ್‌ಪ್ರೆಸ್‌ವೇಯಲ್ಲಿ ಇದು ಲೆಕ್ಕಕ್ಕಿಲ್ಲ; ಕಾಲೋನಿಯ ಲೈನ್ ಮನೆ ಮುಂದಿನ ಹಂಪ್‌ಗಳಲ್ಲಿ ಗೊತ್ತಾಗುತ್ತೆ.

ಸುರಕ್ಷತೆಯಲ್ಲಿ ತಕ್ಕಡಿ ಮತ್ತೆ ಸೆಡಾನ್ ಕಡೆ ವಾಲುತ್ತೆ. ವರ್ನಾ, ವರ್ಟಸ್, ಸ್ಲಾವಿಯಾ ಮೂರಕ್ಕೂ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನ ಐದು ಸ್ಟಾರ್ ಬಂದಿದೆ. ಹಳೇ ಕ್ಯಾರೆನ್ಸ್‌ಗೆ 2022ರಲ್ಲಿ ಸಿಕ್ಕಿದ್ದು ಮೂರು. ಪರೀಕ್ಷೆಯ ನಿಯಮ ನಡುವೆ ಬಿಗಿಯಾಗಿದೆ, ಹಾಗಾಗಿ ಸೆಡಾನ್‌ಗಳ ಐದಕ್ಕೆ ತೂಕ ಇನ್ನೂ ಜಾಸ್ತಿ. ಸೆಕೆಂಡ್ ಹ್ಯಾಂಡ್ ಕ್ಯಾರೆನ್ಸ್ ನೋಡೋರು ಇದನ್ನ ಮರೀಬೇಡಿ.

ಇನ್ನು ಆಪ್ಷನ್ಸ್, ಅಂದ್ರೆ ಸನ್‌ರೂಫ್, ದೊಡ್ಡ ಸ್ಕ್ರೀನ್, ಗಾಳಿ ಬೀಸೋ ಸೀಟು, ಅಡಾಸ್. ಕೆಲವು ದೇಶಗಳಲ್ಲಿ ಒಂದೊಂದನ್ನೇ ಟಿಕ್ ಮಾಡಿ ತಗೋಬಹುದು. ಇಲ್ಲಿ ಊಟದ ಎಲೆ ಇದ್ದ ಹಾಗೆ, ಪಾಯಸ ಬೇಕಂದ್ರೆ ಪೂರ್ತಿ ಊಟ ತಗೋಬೇಕು. ಒಂದು ಮೆಟ್ಟಿಲು ಮೇಲಿನ ವೇರಿಯಂಟ್ ಒಂದು ಲಕ್ಷ ಜಾಸ್ತಿ ಅಂತ ಇಟ್ಕೊಳ್ಳಿ. ಕರ್ನಾಟಕದಲ್ಲಿ 10ರಿಂದ 20 ಲಕ್ಷದ ಕಾರಿಗೆ ರಸ್ತೆ ತೆರಿಗೆ 17%, ಆ ತೆರಿಗೆ ಮೇಲೆ 11% ಸೆಸ್. ಒಂದು ಲಕ್ಷ ಅಲ್ಲೇ 1.19 ಲಕ್ಷ ಆಯ್ತು. ಏಳು ವರ್ಷದ ಲೋನ್, ಬಡ್ಡಿ 9% ಅಂದ್ರೆ ಆ ಮೆಟ್ಟಿಲಿಗೆ ತಿಂಗಳಿಗೆ 1,900 ರೂಪಾಯಿ ಇಎಂಐ. ಕೊನೆಗೆ ಕಟ್ಟಿದ್ದು 1.6 ಲಕ್ಷ. ಕೋಲಾರದ ಬಿಸಿಲಲ್ಲಿ ಸನ್‌ರೂಫ್ ತೆರೆದು ಎಷ್ಟು ಸಲ ನಿಲ್ತೀರಾ, ಲೆಕ್ಕ ಹಾಕಿ.

ನನ್ನ ಮಟ್ಟಿಗೆ ದುಡ್ಡು ಹಾಕಬೇಕಾದ್ದು ಆಮೇಲೆ ಹಾಕಿಸೋಕೆ ಆಗದ ವಸ್ತುಗಳಿಗೆ. ಸ್ಕ್ರೀನ್, ಸೀಟ್ ಕವರ್, ಸ್ಪೀಕರ್ ನಾಳೆ ಹಾಕಿಸಬಹುದು. ಇಂಜಿನ್ ಬದಲಾಯಿಸೋಕೆ ಆಗಲ್ಲ, ಏರ್‌ಬ್ಯಾಗ್ ಸೇರಿಸೋಕೆ ಆಗಲ್ಲ. ಹಾಗಾಗಿ ಸಾದಾ ಇಂಜಿನ್‌ನ ಟಾಪ್ ವೇರಿಯಂಟ್‌ಗಿಂತ ಟರ್ಬೋದ ಕೆಳಗಿನ ವೇರಿಯಂಟ್ ಮೇಲು, ಅದರಲ್ಲೂ ಭಾರ ಹೊರೋ ವ್ಯಾಗನ್ ಆಕಾರಕ್ಕೆ. 144 ಎನ್‌ಎಂನಲ್ಲಿ ಏಳು ಜನರನ್ನ ಎಳೆಯೋ ಇಂಜಿನ್‌ಗೆ ಏದುಸಿರು ಬರುತ್ತೆ. ಅಡಾಸ್ ಬಗ್ಗೆ ಒಂದು ಮಾತು: ಸಿಟಿ, ವರ್ನಾ, ಕ್ಲಾವಿಸ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಅದು ಇದೆ. ಎಕ್ಸ್‌ಪ್ರೆಸ್‌ವೇಯಲ್ಲಿ ಕೆಲಸಕ್ಕೆ ಬರುತ್ತೆ. ದನ, ಆಟೋ, ರಾಂಗ್ ಸೈಡ್ ಬೈಕು ಇರೋ ಊರೊಳಗೆ ಅದು ಬೀಪ್ ಹೊಡೆದು ಹೊಡೆದು ನೀವೇ ಆಫ್ ಮಾಡ್ತೀರಾ.

ಕೇಳಿದವರಿಗೆ ನನ್ನ ಉತ್ತರ: ಅಪ್ಪನ ಆಸ್ಪತ್ರೆ ಓಡಾಟವೇ ಕಾರಿನ ಮುಖ್ಯ ಕೆಲಸ ಆಗಿದ್ರೆ ವ್ಯಾಗನ್ ಆಕಾರ, ಟರ್ಬೋ ಇಂಜಿನ್, ಕೆಳಗಿನ ವೇರಿಯಂಟ್, ಮೂರನೇ ಸಾಲು ಸದಾ ಮಡಚಿಟ್ಟು. ಅಪ್ಪ ಆರಾಮಾಗಿ ಬಗ್ಗಿ ಕೂರೋ ಹಾಗಿದ್ರೆ ಮಾತ್ರ ಐದು ಸ್ಟಾರ್‌ನ ಸೆಡಾನ್ ಕಡೆ ತಿರುಗಿ. ಅದನ್ನ ನಾನು ಇಲ್ಲಿ ಕೂತು ತೀರ್ಮಾನಿಸೋಕೆ ಆಗಲ್ಲ. ಟೆಸ್ಟ್ ಡ್ರೈವ್‌ಗೆ ಫ್ರೆಂಡ್ಸ್ ಬೇಡ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿ. ಅಪ್ಪನ್ನ ಹಿಂದಿನ ಸೀಟಿಗೆ ಮೂರು ಸಲ ಹತ್ತಿ ಇಳಿಯೋಕೆ ಹೇಳಿ, ಮೂರನೇ ಸಲ ಅವರ ಮುಖ ನೋಡಿ. ನಾಲ್ಕು ಜನ ಕೂತು ಎಸಿ ಹಾಕಿ ಏರಿನಲ್ಲಿ ಓಡಿಸಿ. ಶೋರೂಮ್ ಹುಡುಗ ಒಬ್ಬನ್ನೇ ಕೂರಿಸಿಕೊಂಡು ಖಾಲಿ ರಸ್ತೆಯಲ್ಲಿ ಓಡಿಸಿದ್ರೆ ಎಲ್ಲಾ ಕಾರೂ ಚೆನ್ನಾಗೇ ಓಡುತ್ತೆ. ಕೊಟೇಶನ್ ತಗೊಳ್ಳುವಾಗ ಆನ್‌ರೋಡ್ ಬೆಲೆಯಲ್ಲಿ ತೆರಿಗೆ, ಇನ್ಶೂರೆನ್ಸ್, ಆಕ್ಸೆಸರಿ ಬೇರೆ ಬೇರೆ ಬರೆಸಿಕೊಳ್ಳಿ.

ಮುಂದಿನ ವಾರ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರುಗಳು. ನಿಮ್ಮ ಊರು, ಬಜೆಟ್, ಮನೆಯಲ್ಲಿ ಎಷ್ಟು ಜನ ಅಂತ ಹೇಳಿ ವಾಯ್ಸ್ ಮೆಸೇಜ್ ಕಳಿಸಿ.