ಲಸಿಕೆ ದಿನ ಅಪ್ಪನೂ ಹೊರಡಲಿ

ಸ್ವಾನ್ ವ್ಯಾಲಿ, ಎಲೆನ್‌ಬ್ರೂಕ್, ಮಿಡ್‌ಲ್ಯಾಂಡ್ ಕಡೆಯ ಕನ್ನಡದ ಅಪ್ಪಂದಿರೇ, ಮಗೂಗೆ ಮುಂದಿನ ಲಸಿಕೆ ಯಾವಾಗ?

"ಅವಳನ್ನೇ ಕೇಳ್ಬೇಕು" ಅಂದ್ರಾ? ಹಾಗಾದ್ರೆ ಕೇಳಿ: ಹುಟ್ಟಿದಾಗ, ಆಮೇಲೆ 2, 4, 6, 12, 18 ತಿಂಗಳು, ಕೊನೆಗೆ 4 ವರ್ಷ. ಮೆಡಿಕೇರ್ ಇದ್ದರೆ ಈ ಲಸಿಕೆಗಳು ಉಚಿತ.

ಗಣಿ ಕೆಲಸಕ್ಕೆ ವಿಮಾನ ಹತ್ತೋರು ರೋಸ್ಟರ್ ನೋಡಿ, ಮನೇಲಿರೋ ವಾರಕ್ಕೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ರೋಟಾವೈರಸ್ ಹನಿ ಮಾತ್ರ ನಿಮ್ಮ ರೋಸ್ಟರ್‌ಗೆ ಕಾಯಲ್ಲ. ಮೊದಲ ಡೋಸ್ 15 ವಾರ ತುಂಬೋದರೊಳಗೇ ಹಾಕಿಸ್ಬೇಕು; ಆಮೇಲೆ ಕೇಳಿದ್ರೂ ಕೊಡಲ್ಲ.

ಊರಲ್ಲಿ ಹಾಕಿಸಿದ್ದೀರಾ? ತಾಯಿ ಕಾರ್ಡ್ ತಗೊಂಡು ಹೋಗಿ ಜಿಪಿಗೆ ತೋರಿಸಿ, ಆಸ್ಟ್ರೇಲಿಯಾದ ಲಸಿಕೆ ದಾಖಲೆಗೆ ಸೇರಿಸಿ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 2019ರಿಂದ ಚೈಲ್ಡ್‌ಕೇರ್, ಕಿಂಡರ್‌ಗಾರ್ಟನ್‌ಗೆ ಸೇರಿಸುವಾಗ ಆ ದಾಖಲೆಯನ್ನೇ ಕೇಳ್ತಾರೆ.

ಕ್ಲಿನಿಕ್‌ನಲ್ಲಿ ಪರ್ಪಲ್ ಬುಕ್ ನಿಮ್ಮ ಕೈಲಿರಲಿ, ಮಗು ನಿಮ್ಮ ತೊಡೆ ಮೇಲಿರಲಿ. ಅಳುತ್ತೆ. ಅಳಲಿ ಬಿಡಿ, ಎತ್ತಿಕೊಂಡು ಓಡಾಡಿಸಿ. ಲಸಿಕೆ ಆದ ಮೇಲೆ 15 ನಿಮಿಷ ಅಲ್ಲೇ ಇರ್ಬೇಕು, ಕಾರ್ ಕೀ ಹುಡುಕೋದು ಬೇಡ.

ಇನ್ನು ನಿಮ್ಮದು. ನಾಯಿಕೆಮ್ಮಿನ ಲಸಿಕೆ ಹಾಕಿಸಿಕೊಂಡು 10 ವರ್ಷ ದಾಟಿತಾ? ಮನೆಗೆ ಮಗು ಬರೋಕೆ ಎರಡು ವಾರ ಮೊದಲಾದರೂ ನೀವೂ ಶರ್ಟ್ ತೋಳು ಮಡಚಿ.