ಬೆಟ್ಟವೇರುವ ಸ್ನಾಯುವೂ ಅದರ ಜೀನುಗಳೂ

ಚಿಕ್ಕಬಳ್ಳಾಪುರದ ಬಳಿಯ ನಂದಿಬೆಟ್ಟದ ನೆತ್ತಿ ಸಮುದ್ರಮಟ್ಟದಿಂದ 1,478 ಮೀಟರು ಎತ್ತರದಲ್ಲಿದೆ. ಮುಂಜಾನೆ ಅದರ ತಿರುವುದಾರಿಯಲ್ಲಿ ಸೈಕಲ್ ತುಳಿಯುತ್ತ ಏರುವ ತರುಣರನ್ನು ನಾವು ಕಾಣುತ್ತೇವೆ. ಕೆಲವರು ಒಂದು ತಿರುವನ್ನು ಬಿರುಸಾಗಿ ಹತ್ತಿ, ಮುಂದಿನದರಲ್ಲಿ ನಿಧಾನಿಸಿ, ಮತ್ತೆ ಬಿರುಸಾಗುವುದುಂಟು. ಇದನ್ನು ಇಂಟರ್ವಲ್ ತರಬೇತಿ ಎನ್ನುತ್ತಾರೆ. ಜೆಕೊಸ್ಲೊವಾಕಿಯದ ಎಮಿಲ್ ಜಾಟೊಪೆಕ್ 400 ಮೀಟರು ಓಟವನ್ನು ಹೀಗೆ ಹತ್ತಾರು ಸಲ ಓಡಿ ಪಳಗಿ, 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ 5,000 ಮೀಟರು, 10,000 ಮೀಟರು, ಮ್ಯಾರಥಾನ್ ಮೂರನ್ನೂ ಗೆದ್ದನು.

“ನಮ್ಮ ವಂಶದಲ್ಲಿ ಓಟಗಾರರೇ ಇಲ್ಲ, ನಾನು ಅಭ್ಯಾಸಮಾಡಿ ಫಲವೇನು?” ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಭೌತಶಾಸ್ತ್ರದ ಅಧ್ಯಾಪಕರನ್ನು ಕೇಳುವ ಪ್ರಶ್ನೆಯೇನೂ ಅಲ್ಲ. ಆದರೂ ಶಕ್ತಿಯ ಲೆಕ್ಕದಿಂದಲೇ ಹೊರಡೋಣ.

60 ಕಿಲೋಗ್ರಾಂ ತೂಕದವನು 100 ಮೀಟರು ಮೇಲೇರಿದರೆ ಗುರುತ್ವದ ವಿರುದ್ಧ ಮಾಡಿದ ಕೆಲಸ ಸುಮಾರು 59,000 ಜೂಲ್. ಸ್ನಾಯುವು ಎ.ಟಿ.ಪಿ. ಎಂಬ ಅಣುಗಳನ್ನು ಒಡೆದು ಈ ಶಕ್ತಿಯನ್ನು ಪಡೆಯುತ್ತದೆ. ಮೈಟೊಕಾಂಡ್ರಿಯ ಎಂಬ ಕಿರುಘಟಕಗಳು ಆಮ್ಲಜನಕದ ನೆರವಿನಿಂದ ಆ ಅಣುಗಳನ್ನು ಮತ್ತೆ ತಯಾರಿಸುತ್ತವೆ. ಬಿರುಸಿನಲ್ಲಿ ವೆಚ್ಚವು ಉತ್ಪತ್ತಿಯನ್ನು ಮೀರುತ್ತದೆ. ಒಡೆದ ಅಣುಗಳ ಶೇಷ ಹೆಚ್ಚುತ್ತದೆ, ಕ್ಯಾಲ್ಸಿಯಂ ಏರುತ್ತದೆ. ಕೋಶಕೇಂದ್ರಕ್ಕೆ ಇವೇ ಕರೆಗಳು.

ಶಿಡ್ಲಘಟ್ಟದ ರೈತನು ತಾಲ್ಲೂಕು ಕಚೇರಿಗೆ ಹೋಗಿ ಹಳೆಯ ದಾಖಲೆಯ ನಕಲು ಕೇಳಿದರೆ ಮೂಲವನ್ನು ಯಾರೂ ತಿದ್ದುವುದಿಲ್ಲ. ನಕಲು ಮಾಡಿ ಕೊಡುತ್ತಾರೆ. ಇಲ್ಲಿಯೂ ಹಾಗೆಯೇ. ಜೀನಿನ ಅಕ್ಷರಗಳು ಬದಲಾಗುವುದಿಲ್ಲ. ಪಿ.ಜಿ.ಸಿ.-1 ಆಲ್ಫ ಎಂಬ ಜೀನಿನ ನಕಲುಗಳು, ಅಂದರೆ ಆರ್.ಎನ್.ಎ. ಪ್ರತಿಗಳು, ಹೆಚ್ಚಾಗಿ ಹೊರಬರುತ್ತವೆ. ಅವುಗಳಿಂದಾದ ಪ್ರೋಟೀನು ಮೈಟೊಕಾಂಡ್ರಿಯಕ್ಕೆ ಬೇಕಾದ ಇತರ ಅನೇಕ ಜೀನುಗಳನ್ನು ಎಚ್ಚರಿಸುವ ಮೇಸ್ತ್ರಿ.

2010ರಲ್ಲಿ ಕೆನಡದ ಸಂಶೋಧಕರು ಎರಡು ವಾರಗಳಲ್ಲಿ ಏಳು ಸಲ ಇಂಟರ್ವಲ್ ಅಭ್ಯಾಸ ಮಾಡಿಸಿ, ಸ್ನಾಯುವಿನ ಚೂರುಗಳನ್ನು ತೆಗೆದು ಪರೀಕ್ಷಿಸಿದರು. ಮೊದಲ ಅಭ್ಯಾಸವಾದ ನಾಲ್ಕು ಗಂಟೆಗೆ ಈ ನಕಲುಗಳು ಹತ್ತುಪಟ್ಟಿಗೂ ಮೀರಿದ್ದವು. ಮರುದಿನ ಮೊದಲಿನ ಮಟ್ಟಕ್ಕೆ ಇಳಿದಿದ್ದವು! ಹಾಗಾದರೆ ಲಾಭವೆಲ್ಲಿ ಉಳಿಯಿತು? ನಕಲು ಅಳಿದರೂ ಅದರಿಂದಾದ ಪ್ರೋಟೀನು ಹೆಚ್ಚು ಕಾಲ ಬಾಳುತ್ತದೆ. ಅದು ಕರಗಿಹೋಗುವ ಮೊದಲೇ ಮುಂದಿನ ಅಭ್ಯಾಸ ಇನ್ನಷ್ಟನ್ನು ಕೂಡಿಸುತ್ತದೆ. ಆದಕಾರಣ ಒಂದೇ ದಿನ ಮೈಮುರಿಯುವುದಕ್ಕಿಂತ, ಬಿಡುವು ಕೊಟ್ಟು ಮರಳಿ ಮರಳಿ ಮಾಡುವುದು ಲೇಸೆಂದು ನಮಗೆ ತೋರುತ್ತದೆ.

ಫಲದ ಪ್ರಮಾಣದಲ್ಲಿ ವಂಶದ ಪಾಲೂ ಉಂಟು, ನಿಜ. ಆದರೆ ಅಮೆರಿಕದ ಮೇಯೊ ಕ್ಲಿನಿಕ್ಕಿನಲ್ಲಿ 2017ರಲ್ಲಿ ಪ್ರಕಟವಾದ ಪ್ರಯೋಗವನ್ನು ನೋಡಿ: 12 ವಾರಗಳ ಇಂಟರ್ವಲ್ ಅಭ್ಯಾಸದಿಂದ ಮೈಟೊಕಾಂಡ್ರಿಯದ ಸಾಮರ್ಥ್ಯ ತರುಣರಲ್ಲಿ ಶೇಕಡ 49ರಷ್ಟು ಹೆಚ್ಚಿತು, 65 ದಾಟಿದವರಲ್ಲಿ ಶೇಕಡ 69ರಷ್ಟು. ಅಭ್ಯಾಸ ಬಿಟ್ಟರೆ ಕೆಲವೇ ವಾರಗಳಲ್ಲಿ ಈ ಗಳಿಕೆ ಕರಗತೊಡಗುತ್ತದೆ. ಮೂಲ ದಾಖಲೆ ಮಾತ್ರ ಆಗಲೂ ಇದ್ದಂತೆಯೇ ಇರುತ್ತದೆ, ಮುಂದಿನ ಕರೆಗಾಗಿ.