ಮರದ ಗಾಯಕ್ಕೆ ಮರದ್ದೇ ಮದ್ದು

ಹೊಸ ಬಾಗಿಲಿಗೆ ಬಣ್ಣ ಬಳಿದ ದಿನ ಎಲ್ಲವೂ ನುಣುಪಾಗಿಯೇ ಕಾಣುತ್ತದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಮೊಳೆ ಹೊಡೆದಿದ್ದಲ್ಲಿ ಸಣ್ಣ ಗುಳಿ ಬಿದ್ದಿರುತ್ತದೆ. ಗಂಟು ಇದ್ದಲ್ಲಿ ಉಂಗುರದಂತೆ ಬಿರುಕು ಮೂಡಿರುತ್ತದೆ. ಮನೆಯವರ ಬೈಗುಳವೆಲ್ಲ ಬಣ್ಣದವನಿಗೆ. ಆದರೆ ಇಂಥ ಕಡೆ ದೋಷ ಹೆಚ್ಚಾಗಿ ಬಣ್ಣದ್ದಲ್ಲ, ಬಣ್ಣದ ಕೆಳಗೆ ತುಂಬಿದ ಪುಟ್ಟಿಯದು.

ಮರ ಕಡಿದ ಮೇಲೂ ಸುಮ್ಮನಿರುವುದಿಲ್ಲ. ಗಾಳಿಯ ತೇವವನ್ನು ಹೀರಿ ಉಬ್ಬುತ್ತದೆ, ಒಣಹವೆಗೆ ಕುಗ್ಗುತ್ತದೆ. ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುವುದು ಇದರಿಂದಲೇ. ಈ ಚಲನೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮನಲ್ಲ. ಹಸಿಮರ ಪೂರ್ತಿ ಒಣಗುವಾಗ ಎಳೆಯ ಉದ್ದಕ್ಕೆ ಕುಗ್ಗುವುದು ತೀರ ಅತ್ಯಲ್ಪ. ಎಳೆಗೆ ಅಡ್ಡಲಾಗಿ ಮಾತ್ರ ಹಲವು ಜಾತಿಯ ಮರಗಳಲ್ಲಿ ನೂರಕ್ಕೆ 4ರಿಂದ 8 ಭಾಗ. ಹೀಗೆ ಉಸಿರಾಡುವ ಮರದ ತೂತಿಗೆ ಕಲ್ಲಿನಂತೆ ಗಟ್ಟಿಯಾಗುವ ವಸ್ತುವನ್ನು ತುಂಬಿದರೆ, ಸುತ್ತಲ ಮರ ಸರಿದಾಡುತ್ತದೆ, ಅದು ಸರಿಯುವುದಿಲ್ಲ. ಬಿರುಕು ಬೀಳುವುದು ಆ ಅಂಚಿನಲ್ಲಿಯೇ.

ಆದ್ದರಿಂದ ಒಳ್ಳೆಯ ಬಡಗಿ ಮೊದಲು ಕೇಳುವುದು ಗಾಯ ಯಾವ ಬಗೆಯದೆಂದು. ಸುತ್ತಿಗೆಯ ಏಟಿಗೆ ಬಿದ್ದ ತಗ್ಗಾದರೆ ಪುಟ್ಟಿಯೇ ಬೇಡ. ಅಲ್ಲಿ ಮರ ಕಳೆದುಹೋಗಿಲ್ಲ, ಎಳೆಗಳು ನಜ್ಜಿವೆ ಅಷ್ಟೆ. ಒದ್ದೆ ಬಟ್ಟೆ ಹಾಸಿ ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಕ್ಷಣಕಾಲ ಒತ್ತಿದರೆ ಹಬೆ ಕುಡಿದ ಎಳೆಗಳು ಮತ್ತೆ ಮೇಲೇಳುತ್ತವೆ. ಎಳೆ ತುಂಡಾಗಿದ್ದರೆ ಈ ಉಪಾಯ ನಡೆಯದು. ಗಂಟು ಸಡಿಲವಾಗಿದ್ದರೆ ಅದನ್ನು ಉಳಿಯಿಂದ ತೆಗೆದು, ಅದೇ ಜಾತಿಯ ಮರದ ತುಣುಕನ್ನು ಎಳೆಯ ದಿಕ್ಕು ಹೊಂದುವಂತೆ ಕೂರಿಸಬೇಕು. ಎಳೆ ಅಡ್ಡವಾದರೆ ತೇಪೆ ಒಂದು ಕಡೆಗೂ ಹಲಗೆ ಇನ್ನೊಂದು ಕಡೆಗೂ ಎಳೆದಾಡುತ್ತವೆ. ಕುಟ್ಟೆ ಹುಳು ಕೊರೆದ ತೂತನ್ನಂತೂ ಹುಳು ಸತ್ತಿದೆಯೆಂದು ಖಾತ್ರಿಯಾಗದೆ ಮುಚ್ಚಲೇಬಾರದು. ಪುಟ್ಟಿಯ ಪಕ್ಕದಲ್ಲೇ ಹೊಸ ತೂತು ಕೊರೆದು ಅದು ಹೊರಬರುತ್ತದೆ.

ಸಣ್ಣಪುಟ್ಟ ತೂತಿಗೆ ಅಂಟಿನಲ್ಲಿ ಕಲಸಿದ ಮರದ ಹೊಟ್ಟು ಬಹುಕಾಲದ ಮದ್ದು. ಆದರೆ ಪಾಲಿಶ್ ಹಾಕಿ ಮರದ ಎಳೆಯನ್ನು ತೋರಿಸಬೇಕಾದ ಕಡೆ ಇದು ಮೋಸ ಮಾಡುತ್ತದೆ. ಅಂಟು ಮೆತ್ತಿದ ಜಾಗ ಬಣ್ಣವನ್ನು ಹೀರದು, ಕಲೆಯಾಗಿಯೇ ಉಳಿಯುತ್ತದೆ. ಮರವೆಲ್ಲ ಮುಚ್ಚಿಹೋಗುವಂತೆ ಬಣ್ಣ ಬಳಿಯುವ ಕೆಲಸದಲ್ಲಿ ಆ ಚಿಂತೆಯಿಲ್ಲ. ಅಲ್ಲಿ ಬೇಕಾದ್ದು ನೋಟದ ಹೊಂದಾಣಿಕೆಯಲ್ಲ, ಚಲನೆಯ ಹೊಂದಾಣಿಕೆ. ಈ ವಿದ್ಯೆ ನಮ್ಮಲ್ಲಿ ಪರಿಪೂರ್ಣವಾಗಿ ಬೆಳೆದ ಒಂದು ನೆಲೆ ಕೊಪ್ಪಳ ಜಿಲ್ಲೆಯ ಕಿನ್ನಾಳ.

ಕಿನ್ನಾಳದ ಬೊಂಬೆಗಳೂ ದೇವರ ಮೂರ್ತಿಗಳೂ ಹೆಸರಾದವು. ಅವಕ್ಕೆ ಭೌಗೋಳಿಕ ಗುರುತೂ ದೊರೆತಿದೆ. ಚಿತ್ರಗಾರರ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ಬಣ್ಣದ ಕೆಳಗಿನದನ್ನು ಕೇಳುವವರು ಕಡಿಮೆ. ಅವರು ಬಳಸುವುದು ಹಗುರವಾದ ಮರ. ಬಿಡಿಬಿಡಿಯಾಗಿ ಕೆತ್ತಿದ ಅಂಗಗಳನ್ನು ಹುಣಸೆ ಬೀಜದ ಅಂಟಿನಿಂದ ಜೋಡಿಸುತ್ತಾರೆ. ಸಂದುಗಳೂ ಮರದ ಕುಂದುಗಳೂ ಮುಚ್ಚಬೇಕಲ್ಲ, ಅದಕ್ಕೆ ಕಿಟ್ಟ. ಕಬ್ಬಿಣದ ಕಿಟ್ಟವಲ್ಲ ಇದು. ಸೆಣಬಿನ ಹಳೆಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ ಪುಡಿ ಮಾಡುತ್ತಾರೆ. ಅದಕ್ಕೆ ಮರದ ಹೊಟ್ಟನ್ನೂ ಹುಣಸೆ ಬೀಜದ ಸರಿಯನ್ನೂ ಸೇರಿಸಿ ಕಲಸಿದರೆ ಕಿಟ್ಟ ಸಿದ್ಧ. ಇದನ್ನು ಕೈಯಿಂದ ಮೂರ್ತಿಯ ಮೈಗೆಲ್ಲ ಸವರುತ್ತಾರೆ. ಮೇಲೆ ಹತ್ತಿಯ ಬಟ್ಟೆಯ ಸಣ್ಣ ತುಂಡುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ.

ಪ್ರತಿಯೊಂದು ಪದರಕ್ಕೂ ಕಾರಣವಿದೆ. ಸೆಣಬಿನ ನಾರು ಹಿಡಿದಿಡುತ್ತದೆ, ಹೊಟ್ಟು ಮರದಂತೆಯೇ ಉಬ್ಬಿ ಕುಗ್ಗುತ್ತದೆ. ಬಟ್ಟೆಯ ಪದರ ಒಳಗಿನ ಸಣ್ಣ ಬಿರುಕು ಬಣ್ಣದವರೆಗೆ ಏರದಂತೆ ತಡೆಯುತ್ತದೆ. ಇನ್ನು ಹುಣಸೆ ಬೀಜ. ಅದರ ತಿರುಳಿನಲ್ಲಿರುವ ಮುಖ್ಯ ವಸ್ತು ಕ್ಸೈಲೋಗ್ಲೂಕನ್. ಇದೇ ಕುಲದ ವಸ್ತು ಗಿಡಮರಗಳ ಜೀವಕೋಶದ ಗೋಡೆಯಲ್ಲಿ ಸೆಲ್ಯುಲೋಸ್ ಎಳೆಗಳಿಗೆ ಅಂಟಿಕೊಂಡಿರುತ್ತದೆ. ಸೆಣಬು, ಹತ್ತಿ, ಮರ ಮೂರರ ಮೈಯೂ ಸೆಲ್ಯುಲೋಸೇ. ನೂಲಿಗೆ ಗಂಜಿ ಹಾಕಲು ಗಿರಣಿಗಳು ಹುಣಸೆ ಬೀಜದ ಪುಡಿಯನ್ನು ಕೊಂಡದ್ದು ಈ ಗುಣಕ್ಕಾಗಿಯೇ.

ಮರದ ಮೇಲೆ ಬಟ್ಟೆ ಹಚ್ಚಿ ಲೇಪ ಕೊಡುವ ಯೋಚನೆ ನಮಗಷ್ಟೇ ಹೊಳೆದದ್ದಲ್ಲ. 1400ರ ಸುಮಾರಿಗೆ ಇಟಲಿಯ ಚಿತ್ರಕಾರ ಚೆನ್ನಿನೊ ಚೆನ್ನಿನಿ ತನ್ನ ಕೈಪಿಡಿಯಲ್ಲಿ, ಚಿತ್ರದ ಹಲಗೆಗೆ ನಾರುಬಟ್ಟೆಯ ಪಟ್ಟಿಗಳನ್ನು ಅಂಟಿಸಿ ಮೇಲೆ ಬಿಳಿ ಲೇಪ ಬಳಿಯಬೇಕೆಂದು ಬರೆದಿದ್ದಾನೆ. ಅವನ ಅಂಟು ಪ್ರಾಣಿಗಳ ಚರ್ಮದ್ದು, ಇಲ್ಲಿನದು ಬೀಜದ್ದು. ಮರದ ತೊಂದರೆ ಮಾತ್ರ ಎರಡೂ ಕಡೆ ಒಂದೇ.

ಕಿಟ್ಟ ಕಲಸಲು ದಿನಗಳೇ ಬೇಕು. ಡಬ್ಬದ ಪುಟ್ಟಿ ಗಂಟೆಗಳಲ್ಲಿ ಒಣಗುತ್ತದೆ. ಬೊಂಬೆಗೆ ಸಿಗುವ ಬೆಲೆಯಲ್ಲಿ ಆ ದಿನಗಳ ಕೂಲಿ ಹುಟ್ಟದಿದ್ದರೆ ಡಬ್ಬವನ್ನು ತೆರೆದ ಕೈಯನ್ನು ದೂರುವುದು ನ್ಯಾಯವಲ್ಲ. ಆದರೆ ಹಳೆಯ ಮೂರ್ತಿಗಳ ವಿಷಯದಲ್ಲಿ ಎಚ್ಚರ ಬೇಕು. ಜಾತ್ರೆಗೆ ಮುನ್ನ ದೇವರ ವಾಹನವನ್ನು ನೀರಿನಿಂದ ತೊಳೆದು, ಉಪ್ಪು ಕಾಗದದಿಂದ ಉಜ್ಜಿ, ಎಣ್ಣೆಬಣ್ಣ ಬಳಿಯುವ ಉತ್ಸಾಹ ಅನೇಕ ಊರುಗಳಲ್ಲಿದೆ. ಹುಣಸೆ ಬೀಜದ ಅಂಟು ನೀರಿಗೆ ಮೆತ್ತಗಾಗುತ್ತದೆ. ಉಜ್ಜಿದಾಗ ಬಣ್ಣದ ಜೊತೆ ಲೇಪವೂ, ಲೇಪದಲ್ಲಿ ಉಬ್ಬಿಸಿದ ಹಾರ, ಕಿರೀಟಗಳೂ ಉದುರುತ್ತವೆ. ಅಂಥ ವಾಹನದ ಧೂಳು ತೆಗೆಯಲು ಒಣಗಿದ ಮೆತ್ತನೆ ಕುಂಚ ಸಾಕು. ಎಲ್ಲಾದರೂ ಪದರ ಎದ್ದಿದ್ದರೆ ಬಣ್ಣದವನಿಗಿಂತ ಮುಂಚೆ ಕಿಟ್ಟ ಬಲ್ಲ ಚಿತ್ರಗಾರರನ್ನು ಕರೆಸಬೇಕು.